ಯಾರೆಂದು ಕೇಳದ ಬಾಗಿಲು

‘ಸರ್ವರ್’ ಎಂದೊಡನೆ ಕಲಾ ವಿಭಾಗದ ನಾವು ಒಂದು ಹೆಜ್ಜೆ ಹಿಂದೆ ಸರಿಯುವುದುಂಟು. ಆದರೆ ಸರ್ವರ್ ಎಂದರೆ ಬಡಿಸುವವನು, ಅಷ್ಟೆ. ಆಗಲೇ ಸಿದ್ಧವಿರುವ ಕಡತವನ್ನು ಒಂದಕ್ಷರವೂ ಬದಲಿಸದೆ, ಕೇಳಿದವರ ಮುಂದೆ ತಂದಿಡುವವನಿಗೆ ಸ್ಥಿರ ಕಡತಗಳ ಸರ್ವರ್ ಎನ್ನುತ್ತಾರೆ. ಇಂಥದೊಂದು ನಮ್ಮ ರಾಯಚೂರು ಜಿಲ್ಲೆಯಲ್ಲಿ ಬಹು ಹಿಂದೆಯೇ ಇತ್ತೆಂದರೆ ನೀವು ನಗಬಹುದು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಮಸ್ಕಿಯ ಅಶೋಕ ಶಾಸನವು, ಬಂದವರಿಗೆಲ್ಲ ಒಂದೇ ಪಾಠವನ್ನು ತೋರಿಸುತ್ತ ನಿಂತಿದೆಯಲ್ಲವೆ?

ಕವಿತಾಳದ ನಮ್ಮ ಓಣಿಯಲ್ಲಿ ಕಾಲೇಜಿಗೆ ಹೋಗುವವರು ಹತ್ತಾರು ಮಂದಿ. ಒಳ್ಳೆಯ ಟಿಪ್ಪಣಿಯ ಪುಸ್ತಕ ಮಾತ್ರ ಒಂದೇ. ಅದು ಗೆಳೆತನವಿದ್ದ ಮನೆಗಳಲ್ಲಿ ಸುತ್ತುತ್ತಿತ್ತು. ಪರೀಕ್ಷೆ ಹತ್ತಿರವಾದಾಗ, ಇನ್ನೊಬ್ಬರ ಮನೆಗೆ ಹೋಗಿ ಕೇಳಲಾರದ ಹುಡುಗಿಯರಿಗೆ ಅದರ ದರ್ಶನವೂ ಇರಲಿಲ್ಲ. ಮೊಬೈಲು ಎಲ್ಲರ ಮನೆಯಲ್ಲೂ ಉಂಟು. ಡೇಟಾ ಎಲ್ಲರ ಬಳಿಯೂ ಇರುವುದಿಲ್ಲ.

ಆದುದರಿಂದ ಹಳೆಯ ಲ್ಯಾಪ್‌ಟಾಪು, ವೈಫೈ ರೌಟರು ಇವೆರಡನ್ನು ಇಟ್ಟುಕೊಂಡು ಕೆಲಸಕ್ಕೆ ಕುಳಿತೆ. ರೌಟರಿನ ಅಲೆ ಮುಟ್ಟುವಷ್ಟು ದೂರದ ಮನೆಗಳಿಗೆ ಇಂಟರ್ನೆಟ್ಟಿನ ಹಂಗೇ ಬೇಕಿಲ್ಲ. 1995ರಲ್ಲಿ ಬ್ರೆಂಡನ್ ಐಕ್ ಬ್ರೌಸರಿಗಾಗಿ ರಚಿಸಿದ ಜಾವಾಸ್ಕ್ರಿಪ್ಟನ್ನು, 2009ರಲ್ಲಿ ರಯಾನ್ ಡಾಲ್ ನೋಡ್ ಜೆಎಸ್ ಮೂಲಕ ಸರ್ವರಿನ ಕೆಲಸಕ್ಕೆ ಹಚ್ಚಿದರು. ಅದರಲ್ಲಿ ಮೂವತ್ತು ಸಾಲು ಬರೆದರೆ ಸಾಕು. ಕೇಳಿದ ವಿಳಾಸವನ್ನು ಓದುವುದು, ಕಪಾಟಿನಂಥ ಒಂದು ಫೋಲ್ಡರಿನಲ್ಲಿ ಆ ಕಡತವನ್ನು ಹುಡುಕುವುದು. ಸಿಕ್ಕರೆ 200 ಎಂಬ ಸಂಖ್ಯೆಯೊಡನೆ ಕಳುಹಿಸುವುದು, ಇಲ್ಲವಾದರೆ 404 ಎಂದು ಹೇಳುವುದು.

ಎರಡು ಎಚ್ಚರಿಕೆಗಳು ಮಾತ್ರ ಅಗತ್ಯ. ಕಡತ ಯುಟಿಎಫ್-8ರಲ್ಲಿದೆ ಎಂದು ಮೊದಲೇ ಸಾರಬೇಕು. ಕನ್ನಡದ ಪ್ರತಿ ಸಂಕೇತವೂ ಅದರಲ್ಲಿ 3 ಬೈಟುಗಳಾಗಿರುವುದರಿಂದ, ಬ್ರೌಸರು ಬೇರೆ ಲೆಕ್ಕ ಹಿಡಿದರೆ ಕುಮಾರವ್ಯಾಸನೂ ಗುರುತು ಸಿಗದಂತಾಗುತ್ತಾನೆ. ಇನ್ನು, ವಿಳಾಸದಲ್ಲಿ ಎರಡು ಚುಕ್ಕೆಯಿಟ್ಟು ಮೇಲಿನ ಫೋಲ್ಡರಿಗೆ ಹತ್ತಲು ಯತ್ನಿಸುವವರನ್ನು ತಡೆಯಬೇಕು. ಪಡಸಾಲೆಗೆ ಕರೆದವರು ಅಡುಗೆಮನೆಗೆ ನುಗ್ಗಬಾರದಷ್ಟೆ?

ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಯಂತ್ರದ ಇನ್ನೊಂದು ಗುಣ. ನಮ್ಮ ಕಡೆ ಹೊಸಬರು ಬಾಗಿಲಿಗೆ ಬಂದರೆ ಮೊದಲ ಪ್ರಶ್ನೆ, “ನೀವು ಯಾರ ಪೈಕಿ?” ಎಂದು. ನೀರಿಗೂ ನೆರಳಿಗೂ ಈ ಪ್ರಶ್ನೆ ಅಡ್ಡ ನಿಂತದ್ದನ್ನು ಹಿರಿಯರು ಬಲ್ಲರು. ಈ ಮೂವತ್ತು ಸಾಲುಗಳಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. “ಏನು ಬೇಕು?” ಎಂಬುದೊಂದೇ ಅದರ ವಿಚಾರಣೆ. ಹಿಂದಿನ ಓಣಿಯ ಹುಡುಗಿ ರಾತ್ರಿ ಹನ್ನೊಂದಕ್ಕೆ ಇತಿಹಾಸದ ಟಿಪ್ಪಣಿ ತೆರೆದರೆ, ಅವಳು ಯಾರಿಗೂ ಋಣಿಯಲ್ಲ. ಅವಳು ಓದಿದಳೆಂದು ಇನ್ನೊಬ್ಬರಿಗೆ ಪುಸ್ತಕ ತಪ್ಪುವುದೂ ಇಲ್ಲ.

ಕರೆಂಟು ಹೋದರೆ ರೌಟರು ಮಲಗುತ್ತದೆ, ನಿಜ. ಟಿಪ್ಪಣಿ ಕೈಗೆ ಬಂದ ಮಾತ್ರಕ್ಕೆ ಪಾಠ ತಲೆಗೇರುವುದಿಲ್ಲವೆಂಬುದೂ ನಿಜ. ಬಡಿಸುವುದಷ್ಟೇ ಸರ್ವರಿನ ಕೆಲಸ. ಉಣ್ಣುವ ಕೆಲಸ ನಮ್ಮದೇ.