ಟ್ರೂಮನ್ನನೂ ಎದುರುಮನೆ ಅಜ್ಜಿಯೂ

ಜಗಳ ತಾರಕಕ್ಕೇರಿರುವಾಗ ಹೆಂಡತಿ ಇದ್ದಕ್ಕಿದ್ದಂತೆ ಕೋಕೋ ಡಬ್ಬಿಯನ್ನು ಕೈಗೆತ್ತಿಕೊಂಡು, ಮುಖದ ಪಕ್ಕ ಹಿಡಿದು, ನಗುನಗುತ್ತಾ ಅದರ ಗುಣಗಾನ ಶುರುಮಾಡಿದರೆ ಗಂಡನಾದವನು ಏನು ಮಾಡಬೇಕು? ‘ದಿ ಟ್ರೂಮನ್ ಶೋ’ ಚಿತ್ರದ ಟ್ರೂಮನ್, ಪಾಪ, ಇದನ್ನೆಲ್ಲ ಯಾರಿಗೆ ಹೇಳುತ್ತಿದ್ದೀ ಎಂದು ಕೇಳುತ್ತಾನೆ. ಮದುವೆಯಾಗಿ ಒಂದಷ್ಟು ವರ್ಷ ಕಳೆದ ಯಾವ ದಂಪತಿಯಾದರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದಾದ ಪ್ರಶ್ನೆಯೇ. ಆದರೆ ಅವನ ಪ್ರಶ್ನೆಗೊಂದು ಖಚಿತವಾದ ಉತ್ತರವಿತ್ತು: ಟೀವಿ ಮುಂದೆ ಕೂತ ಲೋಕದ ಸಮಸ್ತರಿಗೂ.

1998ರ ಚಿತ್ರ. ಆಂಡ್ರ್ಯೂ ನಿಕೋಲ್ ಬರೆದದ್ದು, ಪೀಟರ್ ವಿಯರ್ ನಿರ್ದೇಶಿಸಿದ್ದು. ಒಂದು ಕಂಪನಿ ಕೂಸೊಂದನ್ನು ದತ್ತು ತೆಗೆದುಕೊಂಡು, ಊರಿನಷ್ಟು ದೊಡ್ಡ ಸ್ಟುಡಿಯೋದಲ್ಲಿ ಸಾಕುತ್ತದೆ. ಅಮ್ಮ, ಹೆಂಡತಿ, ಗೆಳೆಯ, ದಾರಿಹೋಕ ಎಲ್ಲರೂ ಸಂಬಳದ ನಟರು. ಸುಮಾರು 5,000 ಕ್ಯಾಮೆರಾಗಳು ಹಗಲೂರಾತ್ರಿ ಅವನನ್ನು ನೋಡುತ್ತಿರುತ್ತವೆ. ವಯಸ್ಸು ಮೂವತ್ತು ಮುಟ್ಟುತ್ತಾ ಬಂದರೂ ವಿಷಯ ಗೊತ್ತಿಲ್ಲದಿರುವುದು ಅವನೊಬ್ಬನಿಗೇ. ನಡುವೆ ಜಾಹೀರಾತಿಗೆ ಬಿಡುವಿಲ್ಲದ ಕಾರ್ಯಕ್ರಮವಾದ್ದರಿಂದ ಕೋಕೋ, ತರಕಾರಿ ಹೆಚ್ಚುವ ಚಾಕು, ಹುಲ್ಲು ಕತ್ತರಿಸುವ ಯಂತ್ರ ಎಲ್ಲವೂ ಸಂಸಾರದ ನಡುವೆಯೇ ಮಾರಾಟವಾಗಬೇಕು. ಬೀದಿಯಲ್ಲಿ ಸಿಗುವ ಅವಳಿ ಸಹೋದರರಂತೂ ಅವನನ್ನು ಮಾತಾಡಿಸುವ ನೆಪದಲ್ಲಿ ಗೋಡೆಯ ಪೋಸ್ಟರಿನ ಪಕ್ಕಕ್ಕೇ ಒತ್ತಿ ನಿಲ್ಲಿಸುತ್ತಾರೆ. ಮುಖವನ್ನು ರಬ್ಬರಿನಂತೆ ಎಳೆದು ನಗಿಸುತ್ತಿದ್ದ ಜಿಮ್ ಕ್ಯಾರಿ ಇಲ್ಲಿ ಬಾಯಲ್ಲಷ್ಟೇ ನಗುತ್ತಾನೆ. ಚಿತ್ರೀಕರಣ ನಡೆದ ಜಾಗ ಫ್ಲೋರಿಡಾದ ಸೀಸೈಡ್. ಅದು ಜನ ವಾಸವಾಗಿರುವ ನಿಜವಾದ ಊರು. ಅಚ್ಚುಕಟ್ಟಾಗಿ ಯೋಜಿಸಿ ಕಟ್ಟಿದ್ದರಿಂದ ಸುಳ್ಳೂರಿನ ಪಾತ್ರಕ್ಕೆ ಅದಕ್ಕೆ ಬಣ್ಣ ಬಳಿಯುವ ಅಗತ್ಯವೇ ಬೀಳಲಿಲ್ಲವೇನೋ!

ಆಕಾಶದಿಂದ ಒಂದು ದಿನ ದೊಡ್ಡ ದೀಪ ಧೊಪ್ಪನೆ ಬೀಳುತ್ತದೆ, ಮೈಮೇಲೆ ನಕ್ಷತ್ರದ ಹೆಸರು ಬರೆದುಕೊಂಡು. ಮತ್ತೊಂದು ದಿನ ಮಳೆ ಅವನೊಬ್ಬನ ತಲೆಯ ಮೇಲೆ ಮಾತ್ರ ಸುರಿಯುತ್ತದೆ. ಅವನು ಪಕ್ಕಕ್ಕೆ ಸರಿದರೆ ಮಳೆಯೂ ಸರಿಯುತ್ತದೆ. ಫಿಜಿಗೆ ಹೋಗೋಣವೆಂದು ಟ್ರಾವೆಲ್ ಏಜೆನ್ಸಿಗೆ ಹೋದರೆ ಅಲ್ಲಿನ ಗೋಡೆಯ ಮೇಲೆ ಸಿಡಿಲು ಬಡಿದ ವಿಮಾನದ ಚಿತ್ರ. ನಗುತ್ತಾ ನಗುತ್ತಾ ಸೇತುವೆಯ ದೃಶ್ಯಕ್ಕೆ ಬರುತ್ತೇವೆ. ರಾತ್ರಿ, ಬಿಯರು, ಬಾಲ್ಯದ ಗೆಳೆಯ. ನಿನಗೆ ನಾನು ಎಂದೂ ಸುಳ್ಳು ಹೇಳುವವನಲ್ಲ ಎಂದು ಗೆಳೆಯ ಕಣ್ಣು ತುಂಬಿಕೊಂಡು ಹೇಳುತ್ತಾನೆ. ಆ ಮಾತನ್ನು ಅವನ ಕಿವಿಯಲ್ಲಿ ಉಸುರುತ್ತಿರುವವನು ಆ ಟೀವಿ ಕಾರ್ಯಕ್ರಮದ ನಿರ್ದೇಶಕ ಕ್ರಿಸ್ಟಾಫ್. ಮೋಸವೆಂದು ಗೊತ್ತಿದ್ದೂ ಅಲ್ಲಿ ನನ್ನ ಗಂಟಲು ಕಟ್ಟುತ್ತದೆ. ಸತ್ತನೆಂದುಕೊಂಡಿದ್ದ ಅಪ್ಪ ಮಂಜಿನಿಂದ ನಡೆದು ಬಂದಾಗಲಂತೂ ಹೇಳುವುದೇ ಬೇಡ.

ಹೀಗೆ ಅಳುವವರು ಚಿತ್ರದೊಳಗೂ ಇದ್ದಾರೆ. ಸ್ನಾನದ ತೊಟ್ಟಿಯಲ್ಲೇ ಮಲಗಿ ಟೀವಿ ನೋಡುವವನೊಬ್ಬ. ಟ್ರೂಮನ್ನನ ಮುಖವಿರುವ ದಿಂಬನ್ನು ತಬ್ಬಿಕೊಂಡು ಸೋಫಾದ ಮೇಲೆ ಕೂತ ಇಬ್ಬರು ಮುದುಕಿಯರು. ಕಾರು ನಿಲ್ದಾಣದ ಇಬ್ಬರು ಕಾವಲುಗಾರರು. ಇವರ ಮೇಲೆ ನನಗೆ ಎಷ್ಟೆಂದರೂ ಸಿಟ್ಟು ಬರುವುದಿಲ್ಲ. ದಿಂಬು ತಬ್ಬಿಕೊಂಡ ಆ ಮುದುಕಿಯರನ್ನು ಕಂಡಾಗಲೆಲ್ಲ ನಮ್ಮ ಎದುರುಮನೆ ಅಜ್ಜಿ ನೆನಪಾಗುತ್ತಾಳೆ.

ಬತ್ತಿ ಹೊಸೆಯುತ್ತಾ ಜಗಲಿಯ ಮೇಲೆ ಕೂತರೆ ಇಡೀ ಬೀದಿ ಅವಳ ಕಣ್ಣಳತೆಯಲ್ಲಿ. ಕೈಚೀಲದ ಉಬ್ಬು ನೋಡಿಯೇ, “ಬದನೆಕಾಯಿ ತಂದ್ಯೇನೋ? ಎಷ್ಟಕ್ಕೆ ಕೊಟ್ಟ?” ಎನ್ನುತ್ತಿದ್ದಳು. ಯಾರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವಾದರೂ ಗಂಡಿನ ಕಡೆಯವರಿಗಿಂತ ಮೊದಲು ಅವಳು ಒಪ್ಪಿಗೆ ಸಾರಿಬಿಡುತ್ತಿದ್ದಳು. ಆದರೆ ಅವಳನ್ನು ನಾವೂ ನೋಡುತ್ತಿದ್ದೆವಲ್ಲ! ಮುಂಬೈ ಸೇರಿದ ಮಗ ಕಾಗದ ಬರೆಯುವುದನ್ನು ನಿಲ್ಲಿಸಿದ್ದು ಬೀದಿಗೆಲ್ಲ ಗೊತ್ತಿತ್ತು. ಅಜ್ಜಿ ಮಾತ್ರ ಮಡಿಕೆಗಳಲ್ಲಿ ಹರಿದು ನಾಲ್ಕು ಚೂರಾಗಲಿದ್ದ ಹಳೆಯ ಇನ್‌ಲ್ಯಾಂಡ್ ಕಾಗದವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಹೊಸ ಹೊಸ ಸುದ್ದಿ ಓದುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. “ಏನಂತಾನಜ್ಜಿ ಮಗ?” ಎಂದು ಹೆಂಗಸರು ಕೇಳುವುದು, ಬಡ್ತಿ ಆಯಿತಂತೆ ಎಂದು ಅವಳು ಹೇಳುವುದು, “ಹೌದಾ! ಹಾಗಾದ್ರೆ ಪಾಯಸ ಮಾಡಿ” ಎಂದು ಇವರು ಅಚ್ಚರಿಪಡುವುದು. ಅಂಚೆಯವನಂತೂ ಕಾಗದವಿಲ್ಲದ ದಿನವೂ ಸೈಕಲ್ ನಿಲ್ಲಿಸಿ, ಖಾಕಿ ಚೀಲದೊಳಗೆ ಮೊಣಕೈವರೆಗೆ ಕೈಹಾಕಿ ಹುಡುಕಿ, “ನಾಳೆ ಬರಬೌದು ಅಜ್ಜಿ” ಎಂದೇ ಮುಂದೆ ಹೋಗುತ್ತಿದ್ದ. ಅವನಷ್ಟು ಚೆನ್ನಾಗಿ ಅಭಿನಯಿಸಿದವರು ಕ್ರಿಸ್ಟಾಫನ ತಂಡದಲ್ಲೂ ಇರಲಿಲ್ಲ. ಅಜ್ಜಿಗೆ ಇದೆಲ್ಲ ತಿಳಿದಿತ್ತೋ, ಅವಳೇ ನಮ್ಮನ್ನೆಲ್ಲ ಆಡಿಸುತ್ತಿದ್ದಳೋ, ಇಂದಿಗೂ ಬಗೆಹರಿದಿಲ್ಲ.

ಹೊರಗಿನ ಲೋಕದಲ್ಲೂ ಇಷ್ಟೇ ಸುಳ್ಳಿದೆ, ಇಲ್ಲಾದರೆ ನಿನಗೆ ಭಯವಿಲ್ಲ ಎಂದು ಕೊನೆಯಲ್ಲಿ ಕ್ರಿಸ್ಟಾಫ್ ವಾದಿಸುವಾಗ ನಾನು ಅರ್ಧ ಒಪ್ಪುವುದು ಆ ಬೀದಿಯ ದೆಸೆಯಿಂದ. ಇನ್ನರ್ಧ ಒಪ್ಪದಿರುವುದೂ ಅದರಿಂದಲೇ. ಆ ಸುಳ್ಳಿನಿಂದ ಯಾರೂ ಒಂದು ಡಬ್ಬಿ ಕೋಕೋ ಮಾರಲಿಲ್ಲ. ಅಜ್ಜಿಗೆ ಜ್ವರ ಬಂದರೆ ಗಂಜಿ ಯಾವ ಮನೆಯಿಂದಲಾದರೂ ಬರುತ್ತಿತ್ತು.

ಚಿತ್ರ ಬಂದ ಮರುವರ್ಷವೇ, 1999ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಶುರುವಾಯಿತು. 2013ರಲ್ಲಿ ಅದು ಸುದೀಪ್ ಅವರ ನಿರೂಪಣೆಯಲ್ಲಿ ‘ಬಿಗ್ ಬಾಸ್’ ಆಗಿ ಕನ್ನಡಕ್ಕೂ ಬಂತು. ಮುಂದೆ ಆ ಮನೆ ಬಿಡದಿಯಲ್ಲೂ ಎದ್ದಿತು. ತಟ್ಟೆ ಇಡ್ಲಿಗೆಂದು ಕಾರು ನಿಲ್ಲಿಸಿದವರು, ಹತ್ತಿರದಲ್ಲೇ ಬೀಗ ಹಾಕಿದ ಮನೆಯೊಳಗೆ ಜನ ಟೊಮೆಟೊ ಪಾಲಿಗೆ ಜಗಳವಾಡುತ್ತಿದ್ದಾರೆಂಬುದನ್ನು ಮರೆತು ಚಟ್ನಿ ಕೇಳುತ್ತಿದ್ದರು. ಟ್ರೂಮನ್ ಗೊತ್ತಿಲ್ಲದೆ ಒಳಗಿದ್ದ. ಇವರು ಗೊತ್ತಿದ್ದೇ ಹೋಗುತ್ತಾರೆ. ಹಾಗಾಗಿ ಮರುಕಪಡಲೂ ಸ್ವಲ್ಪ ಕಷ್ಟ. ಆದರೂ ನೋಡುತ್ತೇವೆ.

ನೀರೆಂದರೆ ಹೆದರುವ ಟ್ರೂಮನ್ ಕೊನೆಗೆ ದೋಣಿ ಹತ್ತುತ್ತಾನೆ. ದೋಣಿಯ ಮೂತಿ ಆಕಾಶಕ್ಕೆ ಢಿಕ್ಕಿ ಹೊಡೆಯುತ್ತದೆ. ಬಣ್ಣ ಬಳಿದ ಗೋಡೆ ಅದು. ಮೆಟ್ಟಿಲು ಸಿಗುತ್ತದೆ, ಬಾಗಿಲು ಸಿಗುತ್ತದೆ. ತಲೆಬಾಗಿ ನಮಸ್ಕರಿಸಿ ಹೊರಟುಹೋಗುತ್ತಾನೆ. ಲೋಕವೆಲ್ಲ ಕುಣಿದಾಡುತ್ತದೆ. ಚಿತ್ರ ಮುಗಿಯುವುದು ಅಲ್ಲಲ್ಲ. ಪಿಜ್ಜಾ ತಿನ್ನುತ್ತಿದ್ದ ಆ ಕಾವಲುಗಾರರಲ್ಲೊಬ್ಬ ಬೇರೆ ಚಾನೆಲ್‌ನಲ್ಲಿ ಏನಿದೆ ಎನ್ನುತ್ತಾನೆ. ಇನ್ನೊಬ್ಬ ಕಾರ್ಯಕ್ರಮಗಳ ಪಟ್ಟಿಗಾಗಿ ತಡಕಾಡುತ್ತಾನೆ. ಹುಟ್ಟಿದಂದಿನಿಂದ ಲೋಕ ನೋಡುತ್ತಾ ಬಂದವನು ಮರೆಯಾಗಿ ಒಂದು ನಿಮಿಷವೂ ಆಗಿರುವುದಿಲ್ಲ. ಚಿತ್ರವನ್ನು ಮತ್ತೊಮ್ಮೆ ನೋಡುವುದಾದರೆ ಟ್ರೂಮನ್ನನನ್ನು ಅವನ ಪಾಡಿಗೆ ಬಿಟ್ಟು ಆ ಇಬ್ಬರನ್ನು ನೋಡಿ. ಬಹಳ ಒಳ್ಳೆಯ ಜನ, ನಮ್ಮಂಥವರೇ.