ಬಾಣಂತಿಯ ಫೋಟೋ ಯಾಕಿಲ್ಲ?

ಮೈತುಂಬ ನೀಲಿ ಬಣ್ಣ, ಅದರ ಮೇಲೆ ಅಲೆಗಳು. ಕುತ್ತಿಗೆಯಿಂದ ಎದೆಗೆ ಇಳಿಬಿಟ್ಟ ಎರಡು ಹಾಲಿನ ಬಾಟಲಿ. ಕೈಯಲ್ಲೊಂದು ಮರದ ದೋಣಿ. ಮುಖ ಫ್ರೇಮಿನಲ್ಲೇ ಇಲ್ಲ. 1994ರಲ್ಲಿ ತನ್ನನ್ನೇ ಹೀಗೆ ಫೋಟೋ ತೆಗೆದುಕೊಂಡವರು ಕ್ಯೂಬಾದ ಕಲಾವಿದೆ ಮಾರಿಯಾ ಮಗ್ದಲೇನಾ ಕಾಂಪೋಸ್-ಪೋನ್ಸ್. ಮಗಳಿಗೆ ಹಾಲು ಕುಡಿಸುತ್ತಾ ರಾತ್ರಿ ಎರಡು ಗಂಟೆಗೆ ಫೋನ್ ನೋಡುವಾಗ ಈ ಚಿತ್ರ ಸಿಕ್ತು. ನಿದ್ದೆ ಹಾರಿಹೋಯ್ತು.

ಇವರ ಪೂರ್ವಜರನ್ನು ನೈಜೀರಿಯಾದಿಂದ ಗುಲಾಮರನ್ನಾಗಿ ಕ್ಯೂಬಾದ ಕಬ್ಬಿನ ತೋಟಗಳಿಗೆ ತಂದಿದ್ದರು. ಆ ಜನ ಸಮುದ್ರ ದಾಟುವಾಗ ತಮ್ಮ ಯೊರುಬಾ ದೇವತೆಗಳನ್ನೂ ಮನಸ್ಸಲ್ಲಿ ಹೊತ್ತು ತಂದರು. ಅವರಲ್ಲಿ ಯೆಮಯಾ ಸಮುದ್ರದ ತಾಯಿ. ನೀಲಿ, ಬಿಳಿ ಅವಳ ಬಣ್ಣ. ಆ ಫೋಟೋದಲ್ಲಿ ಹಾಲೂ ಕಡಲೂ ದೇವಿಯೂ ಒಂದೇ ಮೈ.

ಇಂಥದ್ದು ನಮ್ಮಲ್ಲೂ ಉಂಟು. ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಕಲೆ ಕಲಿತವರು, ಆಮೇಲೆ ಕ್ಯಾಮೆರಾ ಮುಂದೆ ತಾವೇ ವೇಷ ಕಟ್ಟಿ ನಿಂತರು. 2000ದಿಂದ 2004ರವರೆಗೆ ಕ್ಲೇರ್ ಆರ್ನಿ ಜೊತೆ ಮಾಡಿದ ಸರಣಿಯಲ್ಲಿ ರವಿವರ್ಮನ ಕ್ಯಾಲೆಂಡರ್ ಲಕ್ಷ್ಮಿಯೂ ಅವರೇ. ಮುಂದೆ ಭಾರತಮಾತೆಯೂ ಆದರು. ನಾವು ಕೈಮುಗಿಯುವ ಪಟಕ್ಕೂ ಮನೆಯೊಳಗಿನ ಹೆಂಗಸಿಗೂ ಎಷ್ಟು ದೂರ ಅನ್ನೋದು ಆ ಚಿತ್ರ ನೋಡಿದರೆ ಗೊತ್ತಾಗುತ್ತೆ.

ಆ ದೂರ ನನಗೆ ಕಂಡಿದ್ದು ಬಾಣಂತನಕ್ಕೆ ಚಳ್ಳಕೆರೆಗೆ ಬಂದಾಗ. ಫೋನಿನಲ್ಲಿ ಮಗಳ ಫೋಟೋ ಸಾವಿರ ದಾಟಿತ್ತು, ನನ್ನದು ಒಂದೂ ಇರಲಿಲ್ಲ. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಹಾಲಿನ ಕಲೆಯಾದ ನೈಟಿ. "ಈ ಅವತಾರದಾಗೆ ಫೋಟೋ ಯಾಕವ್ವ, ದೃಷ್ಟಿ ಆಗ್ತೈತೆ" ಅಂದಳು ಅಮ್ಮ. ತೊಟ್ಟಿಲು ಶಾಸ್ತ್ರಕ್ಕೆ ಮೊಳಕಾಲ್ಮೂರು ರೇಷ್ಮೆ ಸೀರೆ ಉಡಿಸಿದ ಮೇಲೆ ಎಲ್ಲರೂ ಕ್ಯಾಮೆರಾ ಹಿಡಿದರು.

ನನಗೆ ತಪ್ಪಿದ್ದು ಬರೀ ಫೋಟೋ. ನಮ್ಮ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಗೂ ಹಸುಗೂಸಿಗೂ ಹಟ್ಟಿಯ ಹೊರಗೆ ಗುಡಿಸಲು. ಸೂತಕ, ದೇವರಿಗೆ ಆಗಲ್ಲ ಅನ್ನೋದು ಕಾರಣ. ಮಳೆ, ಚಳಿ, ಹಾವು ಯಾವುದೂ ಲೆಕ್ಕಕ್ಕಿಲ್ಲ. ಅದೇ ತಾಲ್ಲೂಕಿನ ಗೌರಸಮುದ್ರದಲ್ಲಿ ಮಾರಮ್ಮನ ಜಾತ್ರೆಗೆ ಜನಸಾಗರ. "ತಾಯಿ, ಕಾಪಾಡು" ಅಂತ ಈರುಳ್ಳಿ ತೂರಿ ಹರಕೆ ತೀರಿಸ್ತಾರೆ. ದೇವಿ ತಾಯಿಯಾದರೆ ಕೈ ಮುಗೀತೀವಿ, ಹೆಣ್ಣು ತಾಯಿಯಾದರೆ ಹೊರಗಿಡ್ತೀವಿ.

ಯೆಮಯಾಳ ಮಗಳು ತನ್ನ ಫೋಟೋದಲ್ಲಿ ಹಾಲಿನ ಬಾಟಲಿಯನ್ನು ಬಚ್ಚಿಡಲಿಲ್ಲ, ಒಡವೆ ಥರ ಕುತ್ತಿಗೆಗೆ ಹಾಕಿಕೊಂಡಳು. ಹೆತ್ತ ಮೈ ಮೈಲಿಗೆ ಅಲ್ಲ ಅಂತ ಹೇಳೋಕೆ ಅವಳಿಗೆ ಭಾಷಣ ಬೇಕಾಗಲಿಲ್ಲ.

ನಿಮ್ಮ ಮನೆಯಲ್ಲೂ ಬಾಣಂತಿ ಇದ್ದರೆ, ಅವಳು ಒಪ್ಪಿದರೆ, ಸ್ಕಾರ್ಫ್ ಬಿಚ್ಚಿಸದೆ, ಸೀರೆ ಉಡಿಸದೆ ಒಂದು ಫೋಟೋ ತೆಗೀರಿ. ದೊಡ್ಡವಳಾದ ಮೇಲೆ ಆ ಕೂಸು "ಆಗ ಅಮ್ಮ ಎಲ್ಲಿದ್ದಳು?" ಅಂತ ಕೇಳಬಾರದು.