ಮಗ ಕೇಳಿದ ಗಾಡಿ

ನಿಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷದ ಮಗನಿದ್ದರೆ ಈ ಮಾತು ನಿಮಗೆ ಹೊಸತಲ್ಲ. ರಾತ್ರಿ ಊಟಕ್ಕೆ ಕುಳಿತಾಗ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಾ, "ಅಮ್ಮಿ, ಒಂದು ಗಾಡಿ ನೋಡಿದ್ದೀನಿ" ಎನ್ನುತ್ತಾನಲ್ಲ, ಅದೇ ಮಾತು. ನನ್ನ ಮಗ ನೋಡಿ ಬಂದದ್ದು ಹರಪನಹಳ್ಳಿಯ ಒಬ್ಬರ ಮನೆಯಲ್ಲಿದ್ದ ಯಮಹಾ ಆರ್‌ಎಕ್ಸ್ 100. 1995ರ ಗಾಡಿ. ಬೆಲೆ ತೊಂಬತ್ತು ಸಾವಿರ. ಅವನಿಗಿಂತ ಹತ್ತು ವರ್ಷ ದೊಡ್ಡ ಗಾಡಿಗೆ ತೊಂಬತ್ತು ಸಾವಿರ!

"ಅಬ್ಬಾರ ಸ್ಪ್ಲೆಂಡರ್ ಇದೆಯಲ್ಲೋ?" ಎಂದೆ.

"ಅದು ಹಾಲು ಹಾಕೋರ ಗಾಡಿ ಅಮ್ಮಿ."

ನಮ್ಮ ಮನೆಯವರು ನಕ್ಕರು. "ನಿನ್ನ ಅಮ್ಮಿನೇ ಕೇಳು. ಆ ಗಾಡಿ ವಿಷಯ ಅವಳಿಗೆ ಗೊತ್ತಿರೋವಷ್ಟು ನನಗೆ ಗೊತ್ತಿಲ್ಲ" ಎಂದುಬಿಟ್ಟರು. ಮಗ ಕಣ್ಣರಳಿಸಿ ನನ್ನತ್ತ ನೋಡಿದ.

ನನ್ನ ತವರು ಹಗರಿಬೊಮ್ಮನಹಳ್ಳಿ ಹತ್ತಿರದ ಹಳ್ಳಿ. ಮದ್ರಸಾ ಓದು ಮುಗಿಸಿದ ಮೇಲೆ ಮನೆಯಲ್ಲೇ ಕುಳಿತು ಅಂಚೆ ಮೂಲಕ ಬಿಎ ಕಟ್ಟಿದ್ದೆ. ಪರೀಕ್ಷೆ ಹೊಸಪೇಟೆಯಲ್ಲಿ. ಬಸ್ಸು ನಂಬಿದರೆ ಪರೀಕ್ಷೆ ತಪ್ಪುತ್ತಿತ್ತು. ಆಗ ನನ್ನ ಭಾಯಿ ಹಳೆಯ ಆರ್‌ಎಕ್ಸ್ 100 ಒಂದನ್ನು ಕೊಂಡಿದ್ದ. ಅದರ ಹಿಂದೆ ಕುಳಿತೇ ನಾನು ಪದವೀಧರೆಯಾದೆ. ಅಷ್ಟೇ ಅಲ್ಲ, ಶೇಂಗಾ ಕಿತ್ತ ಹೊಲದಲ್ಲಿ ಭಾಯಿ ನನಗೆ ಕ್ಲಚ್ಚು, ಗೇರು ಎಲ್ಲ ಕಲಿಸಿದ. ಮೂರು ಸಲ ಬಿದ್ದೆ, ನಾಲ್ಕನೆಯ ಸಲ ಹೊಲದ ಬದುವಿನವರೆಗೆ ಹೋದೆ. ಅಮ್ಮಿಗೆ ಗೊತ್ತಾಗಿದ್ದು ನನ್ನ ಮದುವೆಯ ನಂತರ!

ಸಹೋದರಿಯರೇ, ಗಂಡಸರ ವಿಷಯವೆಂದು ಈ ಪುಟ ತಿರುಗಿಸಬೇಡಿ. ಗಾಡಿ ಓಡಿಸುವವರು ಅವರಾದರೂ, ಅವರು ಬರುವವರೆಗೆ ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂರುವವರು ನಾವೇ ತಾನೆ?

1985 ಒಂದು ವಿಚಿತ್ರ ವರ್ಷ. ನಮ್ಮ ದೇಶದ ರಸ್ತೆಗೆ ಯಮಹಾ ಆರ್‌ಎಕ್ಸ್ 100 ಬಂದದ್ದೂ ಅದೇ ವರ್ಷ, ಹೀರೋ ಹೋಂಡಾ ಸಿಡಿ 100 ಬಂದದ್ದೂ ಅದೇ ವರ್ಷ. ಎರಡರ ಎಂಜಿನ್ನೂ ಹೆಚ್ಚುಕಡಿಮೆ ನೂರು ಸಿಸಿ. ಒಂದು ಶಕ್ತಿಗೆ ಹೆಸರಾಯಿತು, ಇನ್ನೊಂದು ಮೈಲೇಜಿಗೆ. ಆ ಎರಡನೆಯದರ ತಮ್ಮನೇ 1994ರಲ್ಲಿ ಬಂದ ಸ್ಪ್ಲೆಂಡರ್. ಆರ್‌ಎಕ್ಸ್ ತಯಾರಿಕೆ 1996ರಲ್ಲಿ ನಿಂತಿತು. ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದ ಕಾಲವದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ 1996ರಲ್ಲಿ.

ಆರ್‌ಎಕ್ಸ್ ಟೂ ಸ್ಟ್ರೋಕ್, ಸ್ಪ್ಲೆಂಡರ್ ಫೋರ್ ಸ್ಟ್ರೋಕ್. ಏನು ವ್ಯತ್ಯಾಸ? ಇಬ್ಬರು ಹೆಂಗಸರು ಬೀಸುಕಲ್ಲಿನ ಮುಂದೆ ಕುಳಿತಿದ್ದಾರೆ ಎಂದುಕೊಳ್ಳಿ. ಒಬ್ಬಳು ಸುತ್ತಿಗೊಂದು ಹಿಡಿ ಕಾಳು ಹಾಕುತ್ತಾಳೆ, ಇನ್ನೊಬ್ಬಳು ಎರಡು ಸುತ್ತಿಗೊಂದು ಹಿಡಿ. ಮೊದಲನೆಯವಳ ಹಿಟ್ಟು ಬೇಗ ಬೀಳುತ್ತದೆ, ನಿಜ. ಆದರೆ ಅವಸರದಲ್ಲಿ ಒಂದಿಷ್ಟು ಕಾಳು ಒಡೆಯದೆಯೇ ಹೊರಬೀಳುತ್ತದೆ. ಟೂ ಸ್ಟ್ರೋಕ್‌ನಲ್ಲಿ ಸುತ್ತಿಗೊಮ್ಮೆ ಪೆಟ್ರೋಲ್ ಸಿಡಿಯುತ್ತದೆ, ಒಂದಿಷ್ಟು ಉರಿಯದೆಯೇ ಸೈಲೆನ್ಸರ್‌ನಿಂದ ಹೊರಟುಹೋಗುತ್ತದೆ. ಅದಕ್ಕೇ 11 ಅಶ್ವಶಕ್ತಿ, ಅದಕ್ಕೇ ಆ ಹೊಗೆ, ಅದಕ್ಕೇ ಕಡಿಮೆ ಮೈಲೇಜು. ಸ್ಪ್ಲೆಂಡರಿನದು ಎಂಟರೊಳಗಿನ ಶಕ್ತಿ.

"ನಾನು ಓಡಿಸಿ ನೋಡಿದ ಮೇಲೆ ಹೇಳುತ್ತೇನೆ" ಎಂದೆ ಮಗನಿಗೆ. ಗೇರ್ ಗಾಡಿಯ ಲೈಸೆನ್ಸ್ ನನ್ನ ಹತ್ತಿರ ಇದೆ.

ಒಂದು ಭಾನುವಾರ ಬೆಳಗಿನ ನಮಾಜು ಮುಗಿಸಿ ಕೊಟ್ಟೂರಿನಿಂದ ಸ್ಪ್ಲೆಂಡರ್ ಮೇಲೆ ಇಬ್ಬರೂ ಹೊರಟೆವು. ಬುರ್ಖಾದ ಸೆರಗು ಚಕ್ರಕ್ಕೆ ಸಿಗದಂತೆ ಬಿಗಿದುಕೊಂಡು, ಹೆಲ್ಮೆಟ್ ಹಾಕಿಕೊಂಡು ನಾನೇ ಓಡಿಸಿದೆ. ಸ್ಪ್ಲೆಂಡರಿನ ಗುಣ ನಿಮಗೆ ಗೊತ್ತೇ ಇದೆ. ಟಾಪ್ ಗೇರಿನಲ್ಲಿ ಮೂವತ್ತಕ್ಕೆ ಇಳಿದರೂ ಗೊಣಗುವುದಿಲ್ಲ. ಎತ್ತಿನ ಬಂಡಿ ಅಡ್ಡ ಬಂದರೆ ಕಾಯುತ್ತದೆ, ದಾಟಿದರೆ ಮತ್ತೆ ಮೆಲ್ಲಗೆ ಎಳೆಯುತ್ತದೆ.

ಹರಪನಹಳ್ಳಿಯಲ್ಲಿ ಮಾಲೀಕರು ಆರ್‌ಎಕ್ಸ್ ಕೀಲಿಯನ್ನು ಮಗನ ಕೈಗೆ ಕೊಡಹೋದರು. ನಾನು ಕೈ ಚಾಚಿದೆ. ಅವರ ಮುಖ ನೀವು ನೋಡಬೇಕಿತ್ತು! ಒಂದೇ ಕಿಕ್ಕಿಗೆ ಶುರುವಾಯಿತು. ಆ ಎಣ್ಣೆ ಹೊಗೆಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹೊಸಪೇಟೆಯ ಪರೀಕ್ಷೆ ಹಾಲು ಕಣ್ಣ ಮುಂದೆ ಬಂತು. ಊರು ದಾಟುವವರೆಗೆ ಅದು ಸಾಧು ಗಾಡಿಯೇ. ಕಡಿಮೆ ಸುತ್ತಿನಲ್ಲಿ ಅದರಲ್ಲಿ ಅಂಥ ಜೀವವಿಲ್ಲ. ಆದರೆ ಖಾಲಿ ರಸ್ತೆ ಸಿಕ್ಕಿ, ಎರಡನೇ ಗೇರಿನಲ್ಲಿ ಹಿಡಿಕೆ ತಿರುವುತ್ತಾ ಹೋದಿರೋ, ಒಂದು ಹಂತದಲ್ಲಿ ಸದ್ದೇ ಬದಲಾಗುತ್ತದೆ. ಗುಂಯ್‌ಗುಡುವಿಕೆ ಕೂಗಾಗುತ್ತದೆ, ಹಿಂದಿನಿಂದ ಯಾರೋ ದೂಡಿದಂತೆ ಗಾಡಿ ಮುಂದಕ್ಕೆ ನುಗ್ಗುತ್ತದೆ. ಕಾಲೊತ್ತುಗಳು ಝುಮ್ಮೆನ್ನುತ್ತವೆ. ಸುಳ್ಳು ಹೇಳಲಾರೆ, ನನಗೆ ಖುಷಿಯಾಯಿತು. ನಲವತ್ತಾರು ವರ್ಷದ ಟೀಚರು ಹೆಲ್ಮೆಟ್ಟಿನೊಳಗೆ ನಕ್ಕಳು.

ಅಷ್ಟರಲ್ಲಿ ಮುಂದೆ ಹಳದಿ ಕಂಡಿತು.

ಮೆಕ್ಕೆಜೋಳದ ಸುಗ್ಗಿಯಲ್ಲಿ ಕೂಡ್ಲಿಗಿಯಿಂದ ಹಡಗಲಿಯವರೆಗೆ ನಮ್ಮ ಹಳ್ಳಿ ರಸ್ತೆಗಳೇ ಕಣಗಳು. ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ನಾನು ಹಿಡಿಕೆ ಬಿಟ್ಟೆ. ಗಾಡಿ ಹೋಗುತ್ತಲೇ ಇತ್ತು! ಟೂ ಸ್ಟ್ರೋಕ್ ಎಂಜಿನ್ ಕೈ ಬಿಟ್ಟಾಗ ಗಾಡಿಯನ್ನು ಹೆಚ್ಚು ತಡೆಯುವುದಿಲ್ಲ, ಇಳಿಜಾರಿಗೆ ಬಿಟ್ಟ ಸೈಕಲ್ಲಿನಂತೆ ಜಾರುತ್ತದೆ. ಎಲ್ಲವೂ ಬ್ರೇಕಿನ ಮೇಲೆ. ಕಾಳು ಇನ್ನೂ ದೂರವಿತ್ತು, ನನ್ನ ವೇಗ ಐವತ್ತು ದಾಟಿರಲಿಲ್ಲ, ಹಾಗಾಗಿ ನಿಂತೆ. ವಾಪಸು ಬಂದು ಅದೇ ಜಾಗದಲ್ಲಿ, ಅದೇ ವೇಗದಲ್ಲಿ ಸ್ಪ್ಲೆಂಡರಿನ ಹಿಡಿಕೆ ಬಿಟ್ಟು ನೋಡಿದೆ. ಲಗಾಮು ಜಗ್ಗಿದಂತೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆಯಿತು. ಕಾಳಿನ ಹತ್ತಿರ ಹೋಗುವಷ್ಟರಲ್ಲಿ ಬ್ರೇಕಿಗೆ ಕೆಲಸವೇ ಉಳಿದಿರಲಿಲ್ಲ.

ಮಗನಿಗೆ ಅಲ್ಲೇ ರಸ್ತೆ ಪಕ್ಕ ನಿಂತು ಹೇಳಿದೆ, ಅವನಿಗೆ ಅದುವರೆಗೆ ಪೂರ್ತಿ ಹೇಳದಿದ್ದ ಕಥೆ. 2003ರ ಸುಗ್ಗಿಯಲ್ಲಿ ಹಡಗಲಿಯ ಮದುವೆಯೊಂದಕ್ಕೆ ಹೊರಟ ಅವನ ಮಾಮು ಇಂಥದೇ ಕಾಳಿನ ಮೇಲೆ ಬಿದ್ದದ್ದು. ತೊಡೆಯ ಮೂಳೆಗೆ ರಾಡ್ ಹಾಕಿದರು. ಇಂದಿಗೂ ಮಾಮು ಕುರ್ಚಿಯಲ್ಲಿ ಕುಳಿತೇ ನಮಾಜು ಮಾಡುತ್ತಾನೆ.

"ಗಾಡಿಯದ್ದು ತಪ್ಪಾ ಅಮ್ಮಿ?"

ಮನೆಗೆ ಬಂದು ಫೋನಿನಲ್ಲಿ ಭಾಯಿಯನ್ನೇ ಕೇಳಿಸಿದೆ. ಅವನೆಂದ: "ಗಾಡಿಯದ್ದೇನೂ ತಪ್ಪಿಲ್ಲ ಬೇಟಾ. ಅದು ನಾನು ಹೇಳಿದ ಹಾಗೇ ಓಡಿತು. ನಾನೇ ಬೇಗ ಹೋಗು ಅಂದಿದ್ದೆ."

ನಾನು ಬೇಡ ಎನ್ನಲಿಲ್ಲ. ಬೇಡವೆಂದರೆ ಗೆಳೆಯರ ಗಾಡಿ ಇದ್ದೇ ಇರುತ್ತದೆ, ನನಗೆ ಹೇಳದೆ ಓಡಿಸುತ್ತಾನೆ. ನಾನೂ ಅಮ್ಮಿಗೆ ಹೇಳದೆ ಕಲಿತವಳೇ ಅಲ್ಲವೇ? ಬದಲಿಗೆ ಲೆಕ್ಕ ಹಾಕಿದೆವು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಗಾಡಿಯದ್ದು ಆಗಿರಲಿಲ್ಲ. ಕೊಟ್ಟೂರಿನಿಂದ ಹರಪನಹಳ್ಳಿ ಕಾಲೇಜಿಗೆ ದಿನಾ ಓಡಾಡಿದರೆ ಪೆಟ್ರೋಲಿಗೆ ಸ್ಪ್ಲೆಂಡರಿನ ಒಂದೂವರೆ ಪಟ್ಟಾದರೂ ಬೇಕು. ಕಾಲೇಜಿಗೆ ಅಬ್ಬಾರ ಗಾಡಿ, ಪದವಿ ಮುಗಿಸಿ ಸ್ವಂತ ದುಡಿಮೆಯಲ್ಲಿ ಬೇಕಾದರೆ ಆರ್‌ಎಕ್ಸ್ ಎಂದು ತೀರ್ಮಾನವಾಯಿತು. ಮಗ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಹಾಲು ಹಾಕೋರ ಗಾಡಿಯನ್ನು ತಾನೇ ತೊಳೆದ.

ನಿಮ್ಮ ಮಗನೂ ಇಂಥ ಗಾಡಿ ಕೇಳಿದರೆ ಕೂಡಲೇ ಬೈಯಬೇಡಿ. ಹೆಲ್ಮೆಟ್ ಹಾಕಿಕೊಂಡು ಒಮ್ಮೆ ಅವನ ಹಿಂದೆ ಕುಳಿತು ಹೋಗಿ ಬನ್ನಿ. ಎಷ್ಟು ಜೋರಾಗಿ ಹೋಗುತ್ತದೆ ಎಂದು ಅವನೇ ತೋರಿಸುತ್ತಾನೆ. ಕೈ ಬಿಟ್ಟ ಮೇಲೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನೀವು ನೋಡಿ, ಅವನಿಗೂ ತೋರಿಸಿ.

ಅಂದಹಾಗೆ, ಅವನು ದುಡಿದು ಆರ್‌ಎಕ್ಸ್ ತಂದ ದಿನ ಮೊದಲ ಸುತ್ತು ನನ್ನದೇ. ಅದನ್ನೂ ಅವತ್ತೇ ಮಾತಾಡಿಕೊಂಡಿದ್ದೇವೆ.